ಸೈನಿಕ ಶಿಕ್ಷಣದಲ್ಲಿ ಆಟದ ಪಂದ್ಯ

ಕೋಲಾರದ ಚಿನ್ನದ ಗಣಿಗಳೆಂದೊಡನೆ ನಮ್ಮ ಮನಸ್ಸು ಭೂಗರ್ಭಕ್ಕಿಳಿಯುವುದು ಸಹಜ. ಚಾಂಪಿಯನ್ ರೀಫ್ ಗಣಿಯು 10,000 ಅಡಿಗಳಿಗೂ ಮೀರಿದ ಆಳವನ್ನು ಮುಟ್ಟಿದ್ದಿತು. ಆದರೆ ಈ ದಿನ ನಾವು ಗಣಿಯ ಬಾಯಿಂದ ಈಚೆಗೆ ನಿಂತು, ಅಲ್ಲಿನ ಕವಾಯತಿನ ಬಯಲನ್ನೂ ಆಟದ ಬಯಲನ್ನೂ ಒಟ್ಟಿಗೆ ನೋಡೋಣ. ಸೈನಿಕ ಶಿಕ್ಷಣದಲ್ಲಿ ಕ್ರೀಡಾಸ್ಪರ್ಧೆಗೆ ಯಾವ ಸ್ಥಾನವಿರತಕ್ಕದ್ದು ಎಂಬ ದೊಡ್ಡ ಪ್ರಶ್ನೆಗೆ ಈ ಸಣ್ಣ ಊರಿನ ಚರಿತ್ರೆಯು ಸ್ವಲ್ಪ ಬೆಳಕನ್ನು ಕೊಡುತ್ತದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಗಣಿಗಳು ಊರ್ಜಿತವಾದುವು. ಅಂದು ಬೌರಿಂಗಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ದೂರ ವಿದ್ಯುಚ್ಛಕ್ತಿಯು ಹರಿದು ಬಂದಿತು. ಇಂಗ್ಲಿಷರು ತಮ್ಮ ಯಂತ್ರಗಳೊಡನೆ ತಮ್ಮ ಕ್ಲಬ್ಬನ್ನೂ ಗಾಲ್ಫ್ ಮೈದಾನವನ್ನೂ ತಂದರು. ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಹಾಕಿ ಆಟವು ಮನೆಮಾತಾಯಿತು.

ಇದೇ ಊರಿನಲ್ಲಿ ಇನ್ನೊಂದು ಸಂಸ್ಥೆಯೂ ಇದ್ದಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸ್ವಯಂಸೇವಕ ಬಂದೂಕುಗಾರರ ಪಡೆಯಾಗಿ ಹುಟ್ಟಿದ ಅದು, 1920ರ ಕಾನೂನಿನನಂತರ ಸಹಾಯಕ ಸೈನ್ಯದ ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎನಿಸಿತು. ಹಗಲು ಗಣಿಯಲ್ಲಿ ದುಡಿಯುವವರು ಬಿಡುವಿನಲ್ಲಿ ಕವಾಯತು ಮಾಡಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದರು. ಬಂದೂಕು ಹಿಡಿದ ಸಮುದಾಯವೇ ಹಾಕಿ ಕೋಲನ್ನೂ ಹಿಡಿದಿದ್ದಿತು. ಪಂದ್ಯದಲ್ಲಿ ನಾಯಕನ ಕೂಗಿಗೆ ಓಗೊಡುವವನು ಪಡೆಯಲ್ಲಿಯೂ ಆಜ್ಞೆಗೆ ಓಗೊಡುವನೆಂಬುದು ಆ ಕಾಲದ ಇಂಗ್ಲಿಷ್ ಶಾಲೆಗಳಿಂದ ಬಂದ ನಂಬಿಕೆ.

ಈ ನಂಬಿಕೆಯು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬಂದುದು ಅಮೆರಿಕೆಯ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ. ಅಲ್ಲಿನ ವಿದ್ಯಾರ್ಥಿಗಳು ನೌಕಾ ವಿದ್ಯಾಲಯದವರೊಡನೆ 1890ರಲ್ಲಿ ಮೊದಲ ಫುಟ್‌ಬಾಲ್ ಪಂದ್ಯವನ್ನಾಡಿದರು. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿ 1919ರಲ್ಲಿ ಅಧ್ಯಕ್ಷಸ್ಥಾನಕ್ಕೆ ಬಂದ ಡಗ್ಲಸ್ ಮೆಕಾರ್ಥರ್, ಆಟಗಳು ಕೆಲವೇ ನಿಪುಣರಿಗೆ ಮೀಸಲಾಗದೆ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಬೇಕೆಂದು ವಿಧಿಸಿದನು. ಇದರ ತಿರುಳನ್ನು ನಾವು ಗಮನಿಸಬೇಕು. ಚೆನ್ನಾಗಿ ಆಡುವವನಿಗೆ ಚಪ್ಪಾಳೆ ದೊರೆಯಲೆಂದಲ್ಲ, ಆಡಲಾರದವನೂ ದಣಿವನ್ನು, ಸೋಲನ್ನು, ಜೊತೆಗಾರನ ಭಾರವನ್ನು ಅರಿಯಲೆಂದು ಅವನು ಅದನ್ನು ಮಾಡಿದನು.

ಆದರೆ ಔಷಧವೇ ವಿಷವಾಗುವುದೂ ಉಂಟು. 1944ರಲ್ಲಿಯೂ 1945ರಲ್ಲಿಯೂ ವೆಸ್ಟ್ ಪಾಯಿಂಟ್ ತಂಡವು ಅಮೆರಿಕೆಯ ಕಾಲೇಜು ಫುಟ್‌ಬಾಲಿನಲ್ಲಿ ಅಗ್ರಸ್ಥಾನವನ್ನು ಗಳಿಸಿತು. ವಿದ್ಯಾಲಯದ ಕೀರ್ತಿಯು ಮೈದಾನದ ಗೆಲುವಿನೊಡನೆ ಹೆಣೆದುಕೊಂಡಿತು. 1951ರಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ಮುಂದಾಗಿ ಹಂಚಿಕೊಂಡ ವಂಚನೆ ಬಯಲಾಗಿ, ಸುಮಾರು 90 ವಿದ್ಯಾರ್ಥಿಗಳು ವಿದ್ಯಾಲಯವನ್ನು ಬಿಡಬೇಕಾಯಿತು. ಅವರಲ್ಲಿ ಫುಟ್‌ಬಾಲ್ ತಂಡದವರೇ ಅನೇಕರು. ತರಬೇತುದಾರ ಅರ್ಲ್ ಬ್ಲೇಕನ ಮಗನೂ ಅವರಲ್ಲೊಬ್ಬ. ತಂಡದವನನ್ನು ಬಿಟ್ಟುಕೊಡಬಾರದೆಂಬ ಪಾಠವು ಸತ್ಯವನ್ನೇ ಬಿಟ್ಟುಕೊಡುವಷ್ಟು ಬೆಳೆದುಬಿಟ್ಟಿದ್ದಿತು. ಪಂದ್ಯವು ಶೀಲಕ್ಕೆ ಸಾಧನವಾಗಿರುವ ತನಕ ಒಳ್ಳೆಯದು. ಅದೇ ಸಾಧ್ಯವಾದೊಡನೆ ಶೀಲವು ಕೆಡುತ್ತದೆ.

ನಮ್ಮ ಗಣಿಯ ಊರಿನಲ್ಲಿ ಕಂಡ ದೋಷವಾದರೋ ಬೇರೆ ಬಗೆಯದು. ಸಹಾಯಕ ಸೈನ್ಯದ ಬಾಗಿಲು ಐರೋಪ್ಯರಿಗೂ ಆಂಗ್ಲೋ-ಇಂಡಿಯನ್ನರಿಗೂ ಮಾತ್ರ ತೆರೆದಿದ್ದಿತು. ಭಾರತೀಯರಿಗಾಗಿ ಅದೇ 1920ರಲ್ಲಿ ಪ್ರಾದೇಶಿಕ ಸೈನ್ಯವೆಂಬ ಬೇರೆಯ ಪಡೆಯನ್ನು ಏರ್ಪಡಿಸಿದರು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಬಂದು ಕಲ್ಲನ್ನು ಒಡೆಯುತ್ತಿದ್ದ ಸಾವಿರಾರು ಕೂಲಿಗಾರರು ಊರಿನ ಪಡೆಗೆ ಹೊರಗಿನವರು. ಕತ್ತಲೆಯಲ್ಲಿ ಬಂಡೆ ಸಿಡಿದು ಬಿದ್ದಾಗ ಒಬ್ಬನ ಪ್ರಾಣವು ಇನ್ನೊಬ್ಬನ ಕೈಯಲ್ಲಿರುವ ಕೆಲಸ ಅವರದು. ಒಗ್ಗಟ್ಟು, ಧೈರ್ಯ, ಆಜ್ಞಾಪಾಲನೆಗಳನ್ನು ಅವರು ಯಾವ ಮೈದಾನದಲ್ಲಿಯೂ ಕಲಿಯಬೇಕಾಗಿರಲಿಲ್ಲ. ಆದರೂ ನಾಯಕತ್ವದ ಯೋಗ್ಯತೆಯನ್ನು ಅವರಲ್ಲಿ ಹುಡುಕಿದವರಿಲ್ಲ. 1930ರಲ್ಲಿ ಹೆಬ್ಬೆಟ್ಟಿನ ಗುರುತಿನ ನೋಂದಣಿಯನ್ನು ವಿರೋಧಿಸಿ ಅವರು ಒಂದಾಗಿ ಕೆಲಸ ನಿಲ್ಲಿಸಿದಾಗ, ಆ ಒಗ್ಗಟ್ಟು ಆಡಳಿತದವರ ಕಣ್ಣಿಗೆ ಗುಣವಾಗಿ ತೋರದೆ ಅಪಾಯವಾಗಿಯೇ ತೋರಿತು.

ಸ್ವಾತಂತ್ರ್ಯದೊಡನೆ ಸಹಾಯಕ ಸೈನ್ಯವು ಮುಗಿಯಿತು. 1948ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿ ಸೈನ್ಯದಳವು, ಎಂದರೆ ಎನ್.ಸಿ.ಸಿ.ಯು, ಕಾನೂನಿನ ಮೂಲಕ ಸ್ಥಾಪಿತವಾಗಿ, ಜಾತಿ ಮತಗಳ ಭೇದವಿಲ್ಲದೆ ಶಾಲೆ ಕಾಲೇಜುಗಳ ಹುಡುಗರಿಗೆ ಕವಾಯತಿನ ಬಯಲನ್ನು ತೆರೆಯಿತು. 1955ರಲ್ಲಿ ಖಡಕ್‌ವಾಸ್ಲದಲ್ಲಿ ಆರಂಭವಾದ ರಾಷ್ಟ್ರೀಯ ರಕ್ಷಣಾ ವಿದ್ಯಾಲಯದಲ್ಲಿ ಭೂ, ನೌಕಾ, ವಾಯು ಪಡೆಗಳ ತರುಣರು ಒಟ್ಟಿಗೆ ವಾಸಿಸಿ, ಸ್ಕ್ವಾಡ್ರನ್ನುಗಳಾಗಿ ಸ್ಪರ್ಧಿಸುತ್ತಾರೆ. ಅಲ್ಲಿನ ದೂರದೋಟದಲ್ಲಿ ಮುಂದೆ ಓಡಿದವನೊಬ್ಬನ ಹೆಸರಿಗಿಂತ ಸ್ಕ್ವಾಡ್ರನ್ನಿನ ಮರ್ಯಾದೆ ಹೆಚ್ಚಿನದು.

ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದುವು. ಆ ಊರು ನಮಗೆ ಬಿಟ್ಟುಹೋದ ಪಾಠವು ಮಾತ್ರ ಮುಚ್ಚಿಹೋಗಬೇಕಾದುದಲ್ಲ. ಸೈನಿಕನಾಗಲಿರುವ ತರುಣನಿಗೆ ಪಂದ್ಯವು ಅವಶ್ಯಕವೇ ಸರಿ. ಆದರೆ ಗೆದ್ದವರ ಪಟ್ಟಿಯನ್ನು ನೋಡಿ ಆ ಶಿಕ್ಷಣವನ್ನು ಅಳೆಯಲಾಗದು. ಬಯಲಿಗೆ ಯಾರನ್ನು ಕರೆದರು, ಸೋತವನು ಸುಳ್ಳಾಡದೆ ಮನೆಗೆ ಹೋದನೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಅಳೆಯಬೇಕು.