ಉದಕಾರ್ಗಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಾವಿಗೆ ‘ಬಾಮಿ’ ಎನ್ನುತ್ತಾರೆ. ಅದನ್ನು ತೋಡಿಸುವ ಮುನ್ನ ‘ನೀರು ನೋಡುವವರನ್ನು’ ಕರೆಸುವ ರೂಢಿ ಇನ್ನೂ ಇದೆ. ಕವಲುಕಡ್ಡಿ ಹಿಡಿದು, ಇಲ್ಲವೇ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿ ಅವರು ತೋಟ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಗೂಟ ಬೀಳುತ್ತದೆ.

ನೀರು ಹುಡುಕುವ ವಿದ್ಯೆಗೆ ಹಳೆಯ ಹೆಸರು ಉದಕಾರ್ಗಲ ಅಥವಾ ದಕಾರ್ಗಲ. ಉದಕವೆಂದರೆ ನೀರು, ಅರ್ಗಲವೆಂದರೆ ಅಗುಳಿ. 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಸುಮಾರು 1025ರಲ್ಲಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಈ ವಿಷಯವನ್ನು ಕನ್ನಡಕ್ಕೆ ತಂದ. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ.)

ವರಾಹಮಿಹಿರನದು ಮರ, ಹುತ್ತ, ಮಣ್ಣಿನ ಬಣ್ಣಗಳ ಲೆಕ್ಕ. ನೇರಳೆ ಮರದ ಮೂಡಣಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ ತೆಂಕು ಬದಿಯಲ್ಲಿ ಎರಡು ಪುರುಷ ಆಳಕ್ಕೆ ಸಿಹಿನೀರು ಎನ್ನುತ್ತಾನೆ. ಪುರುಷವೆಂದರೆ ಕೈಯೆತ್ತಿ ನಿಂತ ಆಳಿನ ಎತ್ತರ. ಹುತ್ತ ಕಂಡರೆ ನಾಗನೆಂದು ಕೈಮುಗಿಯುವ ಕರಾವಳಿಯಲ್ಲಿ ಅದರ ಪಕ್ಕ ಹಾರೆ ಹಾಕುವವರು ಯಾರೋ! ಇನ್ನು, ನೀರು ನೋಡುವವರು ಹಿಡಿಯುವಂಥ ಕವಲುಕಡ್ಡಿಯ ಚಿತ್ರವೊಂದು 1556ರಲ್ಲಿ ಅಚ್ಚಾದ, ಜರ್ಮನಿಯ ಅಗ್ರಿಕೋಲನ ಗಣಿಗ್ರಂಥದಲ್ಲಿ ಸಿಗುತ್ತದೆ. ಅವನಿಗೇ ಅದರಲ್ಲಿ ನಂಬಿಕೆಯಿರಲಿಲ್ಲ.

ಕಡ್ಡಿ ಬಾಗುವುದು ಹಿಡಿದವನಿಗೇ ಅರಿವಾಗದ ಕೈಯ ಅಲುಗಾಟದಿಂದ ಎನ್ನುತ್ತದೆ ವಿಜ್ಞಾನ. ಆದರೂ ನೀರು ಸಿಗುವುದೇಕೆ? ಕರಾವಳಿಯ ಮುರಕಲ್ಲು (ಜಂಬಿಟ್ಟಿಗೆ) ತೂತುತೂತಾದದ್ದು, ಮಳೆನೀರು ಸಲೀಸಾಗಿ ಒಳಗಿಳಿಯುತ್ತದೆ. ಹಾಗಾಗಿ ಬಹಳ ಕಡೆ ಗೂಟ ಎಲ್ಲಿ ಬಿದ್ದರೂ ನೀರು ಸಿಗುತ್ತದೆ. ಅದು ಮೇ ತಿಂಗಳವರೆಗೆ ಉಳಿದೀತೇ, ಹೊಳೆಬದಿಯಲ್ಲಾದರೆ ಉಪ್ಪಾದೀತೇ ಎಂಬುದನ್ನು ತೆಂಗಿನಕಾಯಿ ಹೇಳುವುದಿಲ್ಲ.