ಕೈಯಲ್ಲಿ ಕೆಲಸವಿದ್ದರೂ ಬಡತನ ಯಾಕೆ? ಪುಣೆಯ ದುಡಿಯುವ ಬಡವರ ಲೆಕ್ಕಾಚಾರ ಇಲ್ಲಿದೆ

ಪಿಂಪ್ರಿ-ಚಿಂಚವಡ, ಚಾಕಣ್‌ನ ಕಾರ್ಖಾನೆಗಳು, ಹಿಂಜವಡಿಯ ಐಟಿ ಪಾರ್ಕ್. ಪುಣೆ ಅಂದರೆ ಕೆಲಸ ಸಿಗುವ ಊರು. ಕಲಬುರಗಿ, ವಿಜಯಪುರ ಕಡೆಯಿಂದಲೂ ಜನ ಇಲ್ಲಿಗೆ ದುಡಿಯಲು ಹೋಗುತ್ತಾರೆ. ಆದರೆ ತಿಂಗಳ ಸಂಬಳವಿದ್ದರೂ ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್ ಸಿಬ್ಬಂದಿ, ಗುತ್ತಿಗೆ ಕಾರ್ಮಿಕರಲ್ಲಿ ಅನೇಕರಿಗೆ ತಿಂಗಳ ಕೊನೆಗೆ ಸಾಲವೇ ಗತಿ.

ದುಡಿಯುವ ಬಡವರು ಎಂದರೆ ಯಾರು?
ಕೆಲಸವಿದ್ದೂ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ ಬದುಕುವವರನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೀಗೆ ಗುರುತಿಸುತ್ತದೆ. ಇಲ್ಲಿ ನೋಡುವುದು ಒಬ್ಬರ ಸಂಬಳವನ್ನಲ್ಲ, ಇಡೀ ಮನೆಯ ಸ್ಥಿತಿಯನ್ನು. ಹಾಗಾಗಿ ಒಂಟಿಯಾಗಿದ್ದಾಗ ಸಾಕಾಗುವ ಸಂಬಳ, ನಾಲ್ವರ ಕುಟುಂಬಕ್ಕೆ ಸಾಲದೆ ಹೋಗಬಹುದು.

15,000 ರೂ. ಸಂಬಳದಲ್ಲಿ ಕೈಗೆ ಎಷ್ಟು?
ಉದಾಹರಣೆಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ. ಎಂದುಕೊಳ್ಳಿ. ಪಿಎಫ್‌ಗೆ ಶೇ.12ರಂತೆ 1,800 ರೂ., ಇಎಸ್‌ಐಗೆ ಶೇ.0.75ರಂತೆ 113 ರೂ., ಮಹಾರಾಷ್ಟ್ರದಲ್ಲಿ ಪುರುಷ ನೌಕರರಿಗೆ ವೃತ್ತಿ ತೆರಿಗೆ 200 ರೂ. ಕಡಿತವಾಗುತ್ತದೆ. ಉಳಿಯುವುದು 12,887 ರೂ. ನಾಲ್ವರಿಗೆ ಹಂಚಿದರೆ ದಿನಕ್ಕೆ ತಲಾ ಸುಮಾರು 107 ರೂ. ಬಾಡಿಗೆ, ಊಟ, ಶಾಲೆ, ಔಷಧಿ ಎಲ್ಲವೂ ಇದರಲ್ಲೇ ಆಗಬೇಕು.

ಕನಿಷ್ಠ ವೇತನ ಹೇಗಿರಬೇಕು?
1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೆ ಸೂತ್ರ ಕೊಟ್ಟಿತು. ಕುಟುಂಬವನ್ನು ಮೂರು ಬಳಕೆ ಘಟಕವೆಂದು ಲೆಕ್ಕ ಹಾಕಿ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಇಂಧನ ವೆಚ್ಚ ಸೇರಿಸಬೇಕು. ಮಕ್ಕಳ ಶಿಕ್ಷಣ, ಚಿಕಿತ್ಸೆ ಮುಂತಾದವಕ್ಕೆ ಶೇ.25 ಸೇರಬೇಕೆಂದು 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಮಸ್ಯೆ ಎಲ್ಲಿದೆ?
ಕಾರ್ಖಾನೆ ಮತ್ತು ಕಾರ್ಮಿಕನ ನಡುವೆ ಗುತ್ತಿಗೆದಾರ ಇರುತ್ತಾನೆ. ಕಡಿಮೆ ದರಕ್ಕೆ ಟೆಂಡರ್ ಹಿಡಿದರೆ ಪೆಟ್ಟು ಬೀಳುವುದು ಸಂಬಳಕ್ಕೆ. ಕೇಂದ್ರದ 2022-23ರ ಕಾರ್ಮಿಕ ಬಲ ಸಮೀಕ್ಷೆ ಪ್ರಕಾರ, ಕೃಷಿಯೇತರ ವಲಯದ ಕಾಯಂ ವೇತನದಾರರಲ್ಲಿ ಶೇ.58ಕ್ಕೂ ಹೆಚ್ಚು ಮಂದಿಗೆ ಲಿಖಿತ ಒಪ್ಪಂದವೇ ಇಲ್ಲ. ಕಾಗದವಿಲ್ಲದಿದ್ದರೆ ಬಾಕಿ ಕೇಳುವುದೂ ಕಷ್ಟ.

ಗೊತ್ತಿರಬೇಕಾದ ಸಂಗತಿಗಳು
* ಗುತ್ತಿಗೆದಾರ ವೇತನ ಕೊಡದಿದ್ದರೆ, ಅದನ್ನು ಕೊಡುವ ಹೊಣೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯದ್ದು.
* ಪಿಎಫ್ ಜಮೆಯಾಗಿದೆಯೇ ಎಂದು ಯುಎಎನ್ ಸಂಖ್ಯೆ ಬಳಸಿ ಉಮಂಗ್ ಆ್ಯಪ್‌ನಲ್ಲಿ ನೋಡಬಹುದು.
* 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಡಿ ಕರ್ನಾಟಕದ ಅರ್ಹ ಚೀಟಿದಾರರು ಕೇಂದ್ರದ ಪಾಲಿನ ಧಾನ್ಯವನ್ನು ಪುಣೆಯಲ್ಲೇ ಪಡೆಯಬಹುದು. ಊರಲ್ಲಿರುವ ಕುಟುಂಬದವರು ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು.