ಕಷ್ಟಕಾಲದಲ್ಲಿ ಕಪ್ಪತಗುಡ್ಡ

ಕೈಯಲ್ಲಿ ಹಣವಿಲ್ಲದ ವರುಷ ಮನೆಯಲ್ಲಿ ನೀವು ಮೊದಲು ಯಾವ ಖರ್ಚನ್ನು ಕಡಿಮೆ ಮಾಡುತ್ತೀರಿ? ಹಬ್ಬದ ಹೊಸ ಬಟ್ಟೆಯನ್ನು ಮುಂದಕ್ಕೆ ಹಾಕುತ್ತೀರಿ. ಒಕ್ಕಲು ಮನೆಯಾದರೆ ಬಿತ್ತನೆಗೆಂದು ತೆಗೆದಿಟ್ಟ ಬೀಜವನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾದರೆ ಗಿಡಮರ, ಗುಡ್ಡ, ನೀರು ಇವುಗಳನ್ನು ಕಾಯುವ ಕೆಲಸ ಹೊಸ ಬಟ್ಟೆಯಂಥದೋ, ಬೀಜದಂಥದೋ? ಸುಗ್ಗಿ ಚೆನ್ನಾಗಿದ್ದಾಗ ಎಲ್ಲರೂ ‘ಬೀಜದಂಥದು’ ಎಂದೇ ಹೇಳುತ್ತಾರೆ. ಆ ಮಾತು ನಿಜವೇ ಎಂದು ತಿಳಿಯುವುದು ಕಷ್ಟಕಾಲದಲ್ಲಿ. ಗದಗ ಸೀಮೆಯ ಕಪ್ಪತಗುಡ್ಡದ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ.

ಗದಗ-ಬೆಟಗೇರಿಯ ದಕ್ಷಿಣಕ್ಕೆ ಹೊರಟು ತುಂಗಭದ್ರೆಯ ಕಡೆಗೆ ಸಾಗುವ ಗುಡ್ಡಸಾಲು ಇದು. ಪೂರ್ವಕ್ಕೆ ಡಂಬಳ, ಮುಂಡರಗಿ. ಪಶ್ಚಿಮಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರ. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಗುಡ್ಡದಿಂದ ಇಳಿಯುವ ಹಳ್ಳಗಳೇ ಕೆಳಗಿನ ಕೆರೆಬಾವಿಗಳಿಗೆ ಜೀವ. ಔಷಧದ ಬೇರುಬಳ್ಳಿಗಳಿಗೂ ಈ ಗುಡ್ಡ ಹೆಸರಾದುದು.

ಆದರೆ ಇದರ ಒಡಲಲ್ಲಿ ಚಿನ್ನವೂ ಕಬ್ಬಿಣವೂ ಇವೆ. ಡೋಣಿ, ಸೊರಟೂರುಗಳ ಹಳ್ಳದಲ್ಲಿ ಜಾಲಗಾರರು ಮಳೆಗೆ ಕೊಚ್ಚಿಬಂದ ಮರಳನ್ನು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗೆಗೆ 1874ರಲ್ಲಿಯೇ ಬರೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಗಣಿ ತೋಡಿದವು. 1911ರ ಹೊತ್ತಿಗೆ ಆ ಕೆಲಸ ನಿಂತುಹೋಯಿತು. ಆಗ ಗುಡ್ಡ ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ, ಗಣಿಯ ಲೆಕ್ಕ ಕೂಡಿಬರದೆ ಹೋದುದರಿಂದ. ನಷ್ಟವು ಕಾಯ್ದ ಗುಡ್ಡವನ್ನು ಲಾಭವು ಮತ್ತೊಮ್ಮೆ ಅಗೆಯಬಹುದು. ಇದು ಮೊದಲನೆಯ ಪಾಠ.

ಎರಡನೆಯ ಪಾಠ ಗುಡ್ಡದ ನೆತ್ತಿಯ ಮೇಲಿದೆ. ಅಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೀವು ಕಂಡಿರಬಹುದು. ಹೊಗೆಯಿಲ್ಲದ ವಿದ್ಯುತ್ತು ಒಳ್ಳೆಯದೇ. ಆದರೆ ನಮ್ಮ ದೇಶದಲ್ಲಿ ಇಂಥ ಯಂತ್ರಗಳಿಗೆ ಹಣ ಹೂಡಿದವರಲ್ಲಿ ಅನೇಕರನ್ನು ಸೆಳೆದದ್ದು ತೆರಿಗೆಯ ರಿಯಾಯಿತಿ. 2012ರಲ್ಲಿ ಅದು ನಿಂತಿತು. 2011-12ರಲ್ಲಿ ದೇಶದಲ್ಲಿ ಹೊಸದಾಗಿ ಸುಮಾರು 3,200 ಮೆಗಾವಾಟ್ ಗಾಳಿವಿದ್ಯುತ್ತು ಕೂಡಿತ್ತು. ಮರುವರುಷ ಕೂಡಿದ್ದು ಸುಮಾರು 1,700 ಮಾತ್ರ. 2014ರಲ್ಲಿ ರಿಯಾಯಿತಿಯನ್ನು ಮರಳಿ ಕೊಡಬೇಕಾಯಿತು. ಲಾಭವನ್ನು ನಂಬಿ ಬಂದ ಒಳ್ಳೆಯತನ ಲಾಭ ಇಳಿದಾಗ ಕುಂಟುತ್ತದೆ.

ಇನ್ನು ಜನರ ಮಾತು. 2010ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಯ ಯೋಜನೆ ಬಂತು. 32 ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟ ಬಂಡವಾಳ. ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ. ದುಡಿಮೆ ಹುಡುಕಿ ಗೋವೆಗೆ, ಮಂಗಳೂರಿಗೆ ಗುಳೇ ಹೋಗುವ ಜನರ ಸೀಮೆಯಲ್ಲಿ ಕಾರ್ಖಾನೆಯ ಕೆಲಸವೆಂದರೆ ಸಣ್ಣ ಮಾತಲ್ಲ. ಅದನ್ನು ಬೇಕೆಂದವರನ್ನು ನಾವು ಹಳಿಯಬಾರದು. ಆದರೂ ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಒಕ್ಕಲುತನದ ಭೂಮಿಯನ್ನು ಬಿಡೆವೆಂದು ನಿಂತರು. 2011ರ ಜುಲೈಯಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು.

ಇದಕ್ಕಿಂತ ಬಿಗಿಯಾದ ಪರೀಕ್ಷೆ ಮುಂದೆ ಕಾದಿತ್ತು. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡದ ಸುಮಾರು 17,872 ಹೆಕ್ಟೇರನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರ, 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಆ ಕಾಲ ಎಂಥದೆಂದು ನೆನೆಯಿರಿ. ಮಳೆ ಕೈಕೊಟ್ಟು ಸತತ ಎರಡನೆಯ ಬರ. ಅದೇ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾಗಿ, ಸಂತೆಪೇಟೆಗಳಲ್ಲಿ ಕೊಡುಕೊಳ್ಳುವುದೇ ಕಷ್ಟವಾಯಿತು. ‘ಗುಡ್ಡವನ್ನು ಆಮೇಲೆ ನೋಡೋಣ, ಮೊದಲು ಹೊಟ್ಟೆ’ ಎಂದು ಜನ ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಮೂರು ದಿನ ಧರಣಿ ನಡೆಯಿತು. ಏಪ್ರಿಲಿನಲ್ಲಿ ಆದೇಶ ಮರಳಿ ಬಂತು.

ಬರಗಾಲದಲ್ಲಿ ಈ ಬಲ ಎಲ್ಲಿಂದ ಬಂತು? ಬರಗಾಲದಿಂದಲೇ ಎನ್ನಬೇಕು. ಬತ್ತಿದ ಬಾವಿಯ ದಂಡೆಯಲ್ಲಿ ನಿಂತವನಿಗೆ ಗುಡ್ಡದ ಹಳ್ಳದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕಷ್ಟಕಾಲ ಎಲ್ಲರನ್ನೂ ಗುಡ್ಡದ ಕಾವಲುಗಾರರನ್ನಾಗಿ ಮಾಡುತ್ತದೆಂದು ತಿಳಿಯಬೇಡಿ. ಒಲೆಗೆ ಸೌದೆಯಿಲ್ಲದವರು, ಆಡುಕುರಿಗೆ ಮೇವಿಲ್ಲದವರು ಅದೇ ಗುಡ್ಡವನ್ನು ಹತ್ತುತ್ತಾರೆ. ಬೇರೆ ದಾರಿ ತೋರಿಸದೆ ಅವರಿಗೆ ಬೇಡವೆನ್ನುವುದು ನ್ಯಾಯವಲ್ಲ. ಜನರ ಮನಸ್ಸಿನ ಜೊತೆಗೆ ಕಾಯಿದೆಯೂ ಬೇಕು, ಬಡವನಿಗೆ ದುಡಿಮೆಯೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಬಹಳ ದಿನ ನಿಲ್ಲಲಾರವು.

2019ರಲ್ಲಿ ಗುಡ್ಡದ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಅದನ್ನು ಕಾಣಲು ಸಿದ್ಧಲಿಂಗ ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾಗಿದ್ದರು. ಬಿತ್ತಿದವರೇ ಬೆಳೆ ಉಣ್ಣಬೇಕೆಂಬ ನಿಯಮವಿಲ್ಲವಷ್ಟೆ. ಚಿನ್ನದ ಬೆಲೆ ಏರಿದಾಗ, ಮಳೆ ಹೋದಾಗ, ಈ ಪ್ರಶ್ನೆ ಮತ್ತೆ ಬಾಗಿಲು ತಟ್ಟುತ್ತದೆ. ಆಗ ಉತ್ತರ ಹೇಳಬೇಕಾದವರು ನೀವು, ನಿಮ್ಮ ಮಕ್ಕಳು. ಬೀಜದ ಗಡಿಗೆಯನ್ನು ನೋಡಿಕೊಂಡು ಹೇಳಿ.